ಕೋಳಿ ಶೆಡ್ಡಿನ ಫ್ಯಾನು, ನಮ್ಮತ್ತೆಯ ಕಿಟಕಿ

ನಮ್ಮತ್ತೆ ಮಲಗುವ ಕೋಣೆಯ ಗೋಡೆಯಲ್ಲಿ, ಕಿಟಕಿಗಿಂತ ಸ್ವಲ್ಪ ಮೇಲೆ, ಪೆನ್ಸಿಲಿನಿಂದ ಎಳೆದ ಉದ್ದನೆಯ ಒಂದು ಚೌಕವಿದೆ. ಮನೆಗೆ ಬಂದವರಲ್ಲಿ ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಗಮನಿಸಿದವರು ಯಾವುದೋ ಮಗು ಗೀಚಿರಬೇಕು ಎಂದುಕೊಳ್ಳುತ್ತಾರೆ. ಅದು ಏಸಿ ಕೂರಬೇಕಾಗಿದ್ದ ಜಾಗ. ಅಳತೆಗೆ ಬಂದವನು ಎಳೆದು ಹೋದ ಗೆರೆ. ಮುಂದೆ ಬಣ್ಣ ಹೊಡೆಸುವಾಗ ಅದು ಮುಚ್ಚಿಹೋಗಬಹುದು, ನಾನಾಗಿ ಮಾತ್ರ ಅಳಿಸುವುದಿಲ್ಲ. ಹಿಂದಿನವರು ಗೆದ್ದಾಗ ಶಾಸನ ಕೆತ್ತಿಸುತ್ತಿದ್ದರಂತೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದ ನನಗೆ ಪೆನ್ಸಿಲ್ ಗೆರೆಯೇ ಸಾಕು.

ನನಗೆ ಏಸಿಯ ಮೇಲೆ ದ್ವೇಷವೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬ್ಯಾಂಕಿಗೆ ಹೋದಾಗ ಕೆಲಸ ಮುಗಿದ ಮೇಲೂ ಅಲ್ಲೇ ಇನ್ನಷ್ಟು ಹೊತ್ತು ಕೂತು ಬರುವವಳು ನಾನು. ಆದರೆ ನಮ್ಮತ್ತೆಯ ಕೋಣೆಗೆ ಅದು ಬೇಡ ಎಂದೆ. ಬೇಡ ಎಂದವರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ, ಹಾಗಾದರೆ ಏನು ಬೇಕು ಹೇಳು ಎನ್ನುತ್ತಾರೆ. ನಾನು ಹೇಳಿದ್ದನ್ನು ಕೇಳಿ ಮನೆಯವರು, ಬೀದಿಯವರು ಎಲ್ಲರೂ ನಕ್ಕರು. ನೀವೂ ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ.

ಕಡೂರಿನಲ್ಲಿ ನಮ್ಮದು ತಾರಸಿ ಮನೆ. ಕೆಳಗೆ ನಡುಮನೆ, ಅಡುಗೆಮನೆ, ರಸ್ತೆಯ ಕಡೆಗೆ ಅತ್ತೆಯ ಕೋಣೆ. ಮೇಲೆ ಎರಡು ಕೋಣೆ. ಮೆಟ್ಟಿಲು ಇನ್ನೂ ಮೇಲಕ್ಕೆ ಹೋಗಿ ತಾರಸಿಯ ಮೇಲಿನ ಒಂದು ಸಣ್ಣ ಗೂಡಿನಲ್ಲಿ ಮುಗಿಯುತ್ತದೆ. ಈ ಊರಿನ ಬೇಸಿಗೆಯಲ್ಲಿ ಒಂದು ವಿಚಿತ್ರವಿದೆ. ಹಗಲೆಲ್ಲ ನೆತ್ತಿ ಸುಡುವ ಬಿಸಿಲು. ಹೊತ್ತು ಮುಳುಗಿತೋ, ಪಡುವಣದ ಬೆಟ್ಟಗಳ ಕಡೆಯಿಂದ ತಂಪು ಗಾಳಿ ಎದ್ದು ಬರುತ್ತದೆ. ಬೀದಿಯಲ್ಲಿ ನಿಂತರೆ ಹಾಯೆನಿಸುತ್ತದೆ, ಒಳಗೆ ಕಾಲಿಟ್ಟರೆ ರೊಟ್ಟಿ ತೆಗೆದ ಮೇಲೂ ಆರದ ಹೆಂಚಿನ ಹಾಗೆ ಮನೆ ಕುದಿಯುತ್ತಿರುತ್ತದೆ. ಹಗಲಿಡೀ ಬಿಸಿಲು ಕುಡಿದ ತಾರಸಿ ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಕಕ್ಕುತ್ತದೆ. ತಲೆಯ ಮೇಲಿನ ಸೀಲಿಂಗ್ ಫ್ಯಾನು ಅದೇ ಬಿಸಿಯನ್ನು ಕಲಕಿ ಕಲಕಿ ಬಡಿಸುತ್ತದೆ. ತಂಪು ಇರುವುದು ಗೋಡೆಯ ಆ ಕಡೆ, ನಾವು ಇರುವುದು ಈ ಕಡೆ.

ಎಂಬತ್ತು ದಾಟಿದ ನಮ್ಮತ್ತೆಗೆ ಆ ಕೋಣೆಯ ಕಿಟಕಿಯೇ ಊರು. ಮಂಚದ ಮೇಲೆ ಕೂತರೆ ರಸ್ತೆ ಕಾಣುತ್ತದೆ. ಹೂವಿನವಳು, ತೆಂಗಿನಕಾಯಿ ಗಾಡಿಯವನು, ಸಿಂಗಟಗೆರೆಯಿಂದ ಸಂತೆಗೆ ಬಂದು ಬಸ್ಸಿಗೆ ನಡೆಯುವ ಹೆಂಗಸರು, ಎಲ್ಲರೂ ಆ ಕಿಟಕಿಯ ಮುಂದೆ ಒಂದು ಗಳಿಗೆ ನಿಂತು ಮಾತಾಡಿಸಿಯೇ ಹೋಗುವುದು. ಯಾರ ಮನೆಯಲ್ಲಿ ಬಸುರಿ, ಯಾರ ಹೊಲದಲ್ಲಿ ಬೋರ್‌ವೆಲ್ಲಿಗೆ ನೀರು ಬಂತು ಎಂಬುದೆಲ್ಲ ನನಗೆ ಗೊತ್ತಾಗುವುದು ಅವರಿಂದ. ನಮ್ಮಿಬ್ಬರ ನಡುವೆ ಅಂಥ ಸಲಿಗೆಯೇನೂ ಇರಲಿಲ್ಲ. ಸಾರಿಗೆ ಹುಳಿ ಹೆಚ್ಚಾಯಿತು ಎಂದು ಅವರು, ನಾಳೆ ಕಡಿಮೆ ಹಾಕುತ್ತೇನೆ ಎಂದು ನಾನು, ಮಾರನೆಯ ದಿನವೂ ಅಷ್ಟೇ ಹುಳಿ. ಹೀಗೆ ಒಂದು ಒಪ್ಪಂದದ ಮೇಲೆ ಸಂಸಾರ ನಡೆದಿತ್ತು.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಅತ್ತೆ ಹಿತ್ತಲಿನಿಂದ ಬರುವಾಗ ಗೋಡೆ ಹಿಡಿದುಕೊಂಡು ಕುಸಿದು ಕೂತರು. ಡಾಕ್ಟರು ನೋಡಿ, ಬಿಸಿಲಿಗೆ ಹೀಗಾಗಿರಬಹುದು, ಕೋಣೆ ತಂಪಾಗಿಡಿ ಎಂದರು. ಸುದ್ದಿ ತಿಳಿದ ತಕ್ಷಣ ತರೀಕೆರೆಯಿಂದ ನನ್ನ ಮೈದುನ ರಾಜು ಓಡಿ ಬಂದ. ಅವನಿಗೆ ಅಲ್ಲಿ ಸಿಮೆಂಟು ಕಬ್ಬಿಣದ ವ್ಯಾಪಾರ. ತಾಯಿಯೆಂದರೆ ಪ್ರಾಣ, ಅದರಲ್ಲಿ ಅನುಮಾನವಿಲ್ಲ. ಬರುವಾಗಲೇ ಏಸಿ ಕೂರಿಸುವವನನ್ನು ಜೊತೆಗೆ ಕರೆತಂದಿದ್ದ. ಆತ ಕೋಣೆಯನ್ನು ಸುತ್ತಲೂ ನೋಡಿ, ಗೋಡೆಯ ಮೇಲೆ ಚೌಕ ಎಳೆದು, ಈ ಕಿಟಕಿಗೆ ಗಾಜು ಹಾಕಿಸಿ ಪೂರ್ತಿ ಮುಚ್ಚಿಬಿಡಬೇಕು, ಇಲ್ಲದಿದ್ದರೆ ತಂಪು ನಿಲ್ಲುವುದಿಲ್ಲ ಎಂದ. ಅತ್ತೆ ಕಿಟಕಿಯ ಸರಳನ್ನು ಹಿಡಿದುಕೊಂಡು ಕೂತಿದ್ದರು. ಆ ಕೈಯನ್ನು ನಾನು ನೋಡಿದೆ.

ಹಿಂದಿನ ಬೇಸಿಗೆಯಲ್ಲಿ ರಾಜು ಅವರನ್ನು ತರೀಕೆರೆಗೆ ಕರೆದುಕೊಂಡು ಹೋಗಿದ್ದ. ತನ್ನ ಮನೆಯ ಒಳ್ಳೆಯ ಕೋಣೆಯನ್ನೇ ಬಿಟ್ಟುಕೊಟ್ಟಿದ್ದ, ಏಸಿ ಹಾಕಿಸಿದ್ದ. ತಿಂಗಳು ತುಂಬುವ ಮೊದಲೇ ಅತ್ತೆ ಹಟ ಮಾಡಿ ವಾಪಸು ಬಂದಿದ್ದರು. ಏಕೆ ಎಂದು ಕೇಳಿದ್ದಕ್ಕೆ, ಅಲ್ಲಿ ಬೆಳಗಾದದ್ದೂ ಗೊತ್ತಾಗುವುದಿಲ್ಲ, ಒಬ್ಬರ ದನಿಯೂ ಕಿವಿಗೆ ಬೀಳುವುದಿಲ್ಲ ಎಂದಿದ್ದರು. ಆ ಮಾತು ನೆನಪಾಗಿಯೋ ಏನೋ, ಅಳತೆಯವನ ಮುಂದೆಯೇ ನಾನು ಏಸಿ ಬೇಡ ಎಂದುಬಿಟ್ಟೆ. ನನ್ನ ಗಂಡ ಬೀರೂರು ಜಂಕ್ಷನ್ನಿನಲ್ಲಿ ಸಿಗ್ನಲ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಎರಡು ರೈಲು ಎದುರುಬದುರು ಬರುವ ಸೂಚನೆ ಕಂಡರೆ ಸಾಕು, ತಾವು ಪಕ್ಕದ ಹಳಿಗೆ ಸರಿದುಬಿಡುತ್ತಾರೆ. ಅಂದೂ ಪೇಪರು ಹಿಡಿದುಕೊಂಡು ಹೊರಗೆ ಹೋದರು.

ಕೊನೆಗೆ ರಾಜು ಒಂದು ಗಡುವು ಕೊಟ್ಟ. ನೀವೇ ಏನಾದರೂ ವ್ಯವಸ್ಥೆ ಮಾಡಿ, ಬಸವ ಜಯಂತಿ ಕಳೆದ ಮೇಲೆ ಬಂದು ನೋಡುತ್ತೇನೆ, ಸರಿಹೋಗದಿದ್ದರೆ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ನಾನೂ ಆಗಲಿ ಎಂದೆ. ಹೇಳುವಾಗ ನನ್ನ ಬಳಿ ಯಾವ ವ್ಯವಸ್ಥೆಯ ಕಲ್ಪನೆಯೂ ಇರಲಿಲ್ಲ. ಬಾಯಿ ಮೊದಲು, ಬುದ್ಧಿ ಆಮೇಲೆ, ಇದು ನನ್ನ ತವರಿನ ಬಳುವಳಿ.

ಗಾಳಿಗಾಗಿ ಜಗಳವಾಡುವುದೂ ತವರಿನದೇ ಅಭ್ಯಾಸ ಇರಬೇಕು. ಅಜ್ಜಂಪುರದ ನಮ್ಮ ಮನೆಗೆ ಮೊದಲ ಟೇಬಲ್ ಫ್ಯಾನು ಬಂದಾಗ ನಾವು ಮಕ್ಕಳೆಲ್ಲ ಸಾಲಾಗಿ ಮಲಗುತ್ತಿದ್ದೆವು. ಅದು ಕತ್ತು ತಿರುಗಿಸುತ್ತ ಒಬ್ಬೊಬ್ಬರ ಮೇಲೂ ಗಾಳಿ ಹಾಯಿಸಿಕೊಂಡು ಬರುತ್ತಿತ್ತು. ಸಾಲಿನ ತುದಿಯಲ್ಲಿ ನಾನು. ನನ್ನ ಮೂಗಿನ ಹತ್ತಿರ ಬಂದದ್ದೇ ಟಕ್ ಎಂದು ವಾಪಸು ತಿರುಗುತ್ತಿತ್ತು. ನಡುವೆ ಮಲಗಿದ ಅಣ್ಣನಿಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಈ ಅನ್ಯಾಯವನ್ನು ಅಪ್ಪನ ಮುಂದೆ ಇಟ್ಟರೆ, ಫ್ಯಾನಿಗೆ ನೀನು ಯಾರು ಅಣ್ಣ ಯಾರು ಎಂದು ಗೊತ್ತಿದೆಯೇ ಎಂದು ನಕ್ಕುಬಿಟ್ಟರು. ನಮ್ಮ ಅಜ್ಜಿಗೆ ಆ ಫ್ಯಾನೇ ಬೇಕಿರಲಿಲ್ಲ. ಅವರು ಅಡುಗೆಮನೆಯ ಬಾಗಿಲಲ್ಲಿ ಸೆರಗು ಹಾಸಿಕೊಂಡು ಮಲಗುತ್ತಿದ್ದರು. ಮೇಲೆ ಹೆಂಚಿನಲ್ಲಿ ಹೊಗೆ ಹೋಗಲು ಬಿಟ್ಟ ಗವಾಕ್ಷಿ. ಬಿಸಿಯೆಲ್ಲ ಅಲ್ಲಿಂದ ಹೋಗುತ್ತದೆ, ಹಿತ್ತಲ ಬಾಗಿಲಿಂದ ತಂಪು ಬರುತ್ತದೆ ಎನ್ನುವುದು ಅವರ ಲೆಕ್ಕ. ಹೊರಗೆ ಹೋಗಲು ದಾರಿ ಕೊಟ್ಟರೆ ಬಿಸಿ ತಾನಾಗಿ ಹೋಗುತ್ತದೆ. ಮಾನ್ಸೂನ್ ಮಾರುತಗಳ ಬಗ್ಗೆ ವರ್ಷಗಟ್ಟಲೆ ಪಾಠ ಮಾಡಿದ ನಾನು ನಮ್ಮ ಮನೆಯ ಒಳಗಿನ ಗಾಳಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ.

ಯುಗಾದಿಗೆ ಅಜ್ಜಂಪುರಕ್ಕೆ ಹೋದೆ. ಅಣ್ಣ ತೋಟದ ಮಗ್ಗುಲಲ್ಲಿ ಕೋಳಿ ಶೆಡ್ಡು ಮಾಡಿದ್ದಾನೆ. ಬಾಗಿಲಲ್ಲಿ ನಿಂತೆ ನೋಡಿ, ಹೊರಗಿನ ಗಾಳಿ ನನ್ನ ಬೆನ್ನು ಸವರಿ ಸೆರಗನ್ನು ಶೆಡ್ಡಿನ ಒಳಕ್ಕೆ ಎಳೆಯಿತು. ದೂರದ ಕೊನೆಯಲ್ಲಿ ಆಳೆತ್ತರದ ಫ್ಯಾನುಗಳು ನಿಧಾನವಾಗಿ ತಿರುಗುತ್ತಿದ್ದವು. ಅವು ಕೋಳಿಗಳ ಮೇಲೆ ಗಾಳಿ ಬೀಸುತ್ತಿರಲಿಲ್ಲ, ಶೆಡ್ಡಿನ ಗಾಳಿಯನ್ನೆಲ್ಲ ಹೊರಕ್ಕೆ ನೂಕುತ್ತಿದ್ದವು. ನೂಕಿದಷ್ಟು ಹೊಸದು ಈ ಕಡೆಯಿಂದ ಒಳಗೆ ಬರಲೇಬೇಕು. ಹೊರದೇಶಗಳಲ್ಲಿ ಇಡೀ ಮನೆಗೆ ಒಂದೇ ಫ್ಯಾನು ಎಂದು ಸೂರಿನ ಕೆಳಗೆ ಹೀಗೇ ಕೂರಿಸುತ್ತಾರೆ ಎಂದು ಅಣ್ಣನ ಮಗಳು ಫೋನಿನಲ್ಲಿ ವಿಡಿಯೋ ತೋರಿಸಿದಳು. ಅಲ್ಲಿನವರಿಗೆ ಮಾಡಿನ ಕೆಳಗೆ ಅಟ್ಟ. ನಮಗೆಲ್ಲಿದೆ ಅಟ್ಟ ಎಂದು ಯೋಚಿಸುತ್ತಿದ್ದಾಗ ನಮ್ಮ ಮೆಟ್ಟಿಲಿನ ತುದಿಯ ಗೂಡು ಕಣ್ಣ ಮುಂದೆ ಬಂತು. ಮನೆಯ ಬಿಸಿಯೆಲ್ಲ ಮೆಟ್ಟಿಲು ಹತ್ತಿ ಅಲ್ಲೇ ಹೋಗಿ ಕೂರುವುದು ನನಗೆ ಗೊತ್ತಿತ್ತು. ಅಲ್ಲಿ ಬಟ್ಟೆ ಒಣಹಾಕಲು ಹೋದರೆ ಮುಖಕ್ಕೆ ಬಡಿಯುತ್ತಿತ್ತು.

ಫ್ಯಾನು ಆರಿಸುವುದು ಗಂಡು ಹುಡುಕಿದಷ್ಟೇ ತಲೆನೋವಿನ ಕೆಲಸ. ಕಡೂರಿನ ಅಂಗಡಿಯವರು ಅಡುಗೆಮನೆಗೆ ಹಾಕುವ ಎಕ್ಸಾಸ್ಟ್ ತೋರಿಸಿದರು. ಅದು ಒಗ್ಗರಣೆ ಘಾಟಿಗೆ ಸರಿ, ಮನೆಗೆ ಸಾಲದು. ಇನ್ನೊಂದು ಅಂಗಡಿಯಲ್ಲಿ ಸ್ವಲ್ಪ ದೊಡ್ಡದು, ಭಾರಿ ವೇಗದ್ದು ಇತ್ತು. ಒತ್ತಿ ತೋರಿಸಿದರು. ಬೀರೂರಿನ ಪ್ಲಾಟ್‌ಫಾರಂ ಮೇಲೆ ಗೂಡ್ಸ್ ಗಾಡಿ ನಿಲ್ಲದೆ ಹಾದುಹೋದಂತಾಯಿತು. ನನ್ನ ಗಂಡ ಮಾತ್ರ ಅದನ್ನು ಅಕ್ಕರೆಯಿಂದ ನೋಡಿದರು. ಸದ್ದು ಕಡಿಮೆ ಇರಬೇಕಾದರೆ ಫ್ಯಾನು ದೊಡ್ಡದಿರಬೇಕು, ನಿಧಾನ ತಿರುಗಬೇಕು, ಇಷ್ಟನ್ನು ಕೋಳಿಗಳು ನನಗೆ ಕಲಿಸಿದ್ದವು. ಅಣ್ಣನಿಗೆ ಫೋನು ಮಾಡಿ, ಅವನ ಶೆಡ್ಡಿಗೆ ಫ್ಯಾನು ಕೊಟ್ಟವರಿಂದಲೇ ಅದರ ಅರ್ಧದಷ್ಟು ಗಾತ್ರದ್ದೊಂದನ್ನು ತರಿಸಿದೆ. ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ತಗಡಿನ ರೆಪ್ಪೆಗಳೂ ಅದಕ್ಕಿದ್ದವು. ಗಾಡಿಯಿಂದ ಇಳಿಸುವಾಗ ಇಡೀ ಬೀದಿ ನೋಡಿತು. ಕೋಳಿ ಸಾಕ್ತೀರಾ ಟೀಚರ್ ಎಂದು ಎದುರುಮನೆಯವರು ಕೇಳಿದರು. ಹೌದು, ಇಬ್ಬರು ಮುದುಕರು ಮತ್ತು ಒಬ್ಬ ಅತ್ತೆ ಎಂದೆ. ಅಂದಿನಿಂದ ನಮ್ಮ ಮನೆಗೆ ಕೋಳಿ ಫಾರಂ ಎಂದೇ ಹೆಸರು. ಕೊರಿಯರ್‌ನವರೂ ಹಾಗೆ ಕೇಳಿಕೊಂಡು ಬರುತ್ತಾರೆ, ಸರಿಯಾಗಿ ತಲುಪುತ್ತಾರೆ.

ಗೂಡಿನ ಗೋಡೆ ಒಡೆಸಿ ಅದನ್ನು ಕೂರಿಸಿದ ಮೊದಲ ಸಂಜೆ ಮನೆಯ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಹೆಮ್ಮೆಯಿಂದ ಸ್ವಿಚ್ಚು ಒತ್ತಿದೆ. ಮೇಲೆ ಗರಗರ ಎಂದು ತಿರುಗಿತು. ಅತ್ತೆಯ ಕೋಣೆಯಲ್ಲಿ ಒಂದೆಳೆ ಕೂದಲೂ ಅಲ್ಲಾಡಲಿಲ್ಲ. ಹೇಗಿದೆ ಎಂದು ಕೇಳಿದೆ. ಚೆನ್ನಾಗಿ ಸದ್ದು ಮಾಡುತ್ತದೆ ಎಂದರು. ಆಮೇಲೆ ಊದುಬತ್ತಿ ಹಚ್ಚಿಕೊಂಡು ಹೊಗೆ ಎತ್ತ ಹೋಗುತ್ತದೆ ಎಂದು ಒಂದೊಂದು ಕಿಟಕಿಯ ಮುಂದೆಯೂ ಹಿಡಿದು ನಿಂತೆ. ಕಿಟಕಿಗಳಿಗೆಲ್ಲ ಪೂಜೆ ಮಾಡುತ್ತಿರುವ ನನ್ನನ್ನು ಕಂಡು ನನ್ನ ಗಂಡ ಪ್ರಸಾದ ಏನು ಎಂದು ಕೇಳಿದರು. ತಾರಸಿಯ ಬಾಗಿಲು, ಮೇಲಿನ ಕೋಣೆಗಳ ಕಿಟಕಿ ಎಲ್ಲ ತೆರೆದಿದ್ದರಿಂದ ಫ್ಯಾನು ಹತ್ತಿರದ ಗಾಳಿಯನ್ನೇ ಎಳೆದು ಎಳೆದು ಹೊರಗೆ ಹಾಕುತ್ತಿತ್ತು. ಕೆಳಗಿನವರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಮೇಲಿನದನ್ನೆಲ್ಲ ಮುಚ್ಚಿ, ಕೆಳಗೆ ಅತ್ತೆಯ ಕಿಟಕಿ ಮತ್ತು ನಡುಮನೆಯ ಒಂದು ಕಿಟಕಿ ಮಾತ್ರ ಬಿಟ್ಟೆ.

ಆಗ ಗಾಳಿ ಬಂತು. ಪರದೆ ಹೊಟ್ಟೆ ಉಬ್ಬಿಸಿಕೊಂಡು ಒಳಕ್ಕೆ ಹಾರಿತು, ಕ್ಯಾಲೆಂಡರು ಪಟಪಟ ಎಂದಿತು. ಬೀದಿಯಲ್ಲಿ ನಿಂತವರು ಮಾತ್ರ ಅನುಭವಿಸುತ್ತಿದ್ದ ಆ ತಂಪು ಅತ್ತೆಯ ಮಂಚದ ಮೇಲಿಂದ ಹಾದು, ನಡುಮನೆ ದಾಟಿ, ಮೆಟ್ಟಿಲು ಹತ್ತಿ ಹೋಯಿತು. ದೇವರ ಮನೆಯ ದೀಪವೂ ಆರಿತು. ಅದಕ್ಕೆ ಅತ್ತೆ ಬೈದರು. ದೇವರ ಮನೆಯ ಬಾಗಿಲು ಮುಚ್ಚುವುದು, ಒಲೆಯ ಮೇಲೆ ಅಡುಗೆ ಇರುವಾಗ ಫ್ಯಾನು ಹಾಕದಿರುವುದು, ಸೊಳ್ಳೆಗೆ ಜಾಲರಿ ಬಡಿಸುವುದು, ಬೆಳಿಗ್ಗೆ ಬಿಸಿಲೇರುವ ಮೊದಲು ಕಿಟಕಿಗಳನ್ನು ಎಳೆದುಕೊಂಡು ರಾತ್ರಿಯ ತಂಪನ್ನು ಒಳಗೆ ಕೂಡಿಹಾಕುವುದು, ಹೀಗೆ ಒಂದೊಂದಾಗಿ ಕಾನೂನು ಬೆಳೆದವು. ಅತ್ತೆಯ ಕಿಟಕಿಗೆ ಮಾತ್ರ ಪೂರ್ತಿ ಮುಚ್ಚುವ ಕಾನೂನು ಅನ್ವಯಿಸಲಿಲ್ಲ. ಬಿಸಿಲ ಹೊತ್ತಿನಲ್ಲಿ ಒಂದು ರೆಕ್ಕೆ ತೆರೆದು ಒದ್ದೆ ಲಾವಂಚದ ತಟ್ಟಿ ಇಳಿಬಿಟ್ಟೆ. ಮಧ್ಯಾಹ್ನ ಏಸಿಯಷ್ಟು ತಂಪಾಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಬೆವರುತ್ತದೆ. ಬೇಸಿಗೆಯಲ್ಲಿ ಮನುಷ್ಯರು ಸ್ವಲ್ಪ ಬೆವರಿದರೆ ಏನೂ ಆಗುವುದಿಲ್ಲ.

ಹಾಗೆಂದು ಧೈರ್ಯವಾಗಿ ಇದ್ದೆ, ಒಂದು ಮಧ್ಯಾಹ್ನದವರೆಗೆ. ಅತ್ತೆ ಕರೆದರೆ ಮಾತಾಡುತ್ತಿಲ್ಲ. ಕಣ್ಣು ಬಿಡುತ್ತಾರೆ, ಮುಚ್ಚುತ್ತಾರೆ. ನಾಲಿಗೆ ಒಣಗಿದೆ. ಡಾಕ್ಟರಮ್ಮ ಬರುವವರೆಗೆ ನಾನು ಅವರ ಅಂಗಾಲು ಉಜ್ಜುತ್ತ ಕೂತಿದ್ದೆ. ಸೋತೆ, ನನ್ನ ಹಟಕ್ಕೆ ಇವರನ್ನು ಬಲಿ ಕೊಟ್ಟೆ ಎಂದೇ ಅಂದುಕೊಂಡೆ. ಡಾಕ್ಟರಮ್ಮ ಮುಂಗೈಯ ಚರ್ಮವನ್ನು ಎತ್ತಿ ನೋಡಿದರು. ಡ್ರಿಪ್ ಹಾಕಿದರು. ಅತ್ತೆ ಚೇತರಿಸಿಕೊಂಡ ಮೇಲೆ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು. ಅತ್ತೆ ಮುಖ ತಿರುಗಿಸಿದರು. ಮತ್ತೆ ಕೇಳಿದ ಮೇಲೆ ಬಾಯಿಬಿಟ್ಟರು.

“ಕುಡುದ್ರೆ ಎದ್ದು ಹೋಗ್ಬೇಕಲ್ಲವ್ವಾ. ಆ ಹಿತ್ಲ ಮೆಟ್ಲು ಇಳಿಯೋವಾಗ ಕಾಲು ನಡುಗ್ತವೆ. ಬಿದ್ಗಿದ್ರೆ ಇವಳಿಗೇ ತಾನೇ ಕಷ್ಟ.”

ಇವಳು ಎಂದರೆ ನಾನು. ಯುಗಾದಿಗೆ ಮುಂಚೆ ಕುಸಿದು ಕೂತದ್ದೂ ಅದಕ್ಕೇ ಇರಬಹುದು ಎಂದು ಡಾಕ್ಟರಮ್ಮ ಹೇಳಿದರು. ಏಸಿ ಇದ್ದಿದ್ದರೂ ಹೀಗೇ ಆಗುತ್ತಿತ್ತು. ನನಗೆ ಗೆದ್ದೆ ಎನಿಸಲಿಲ್ಲ, ಅಳು ಬಂತು. ನನಗೆ ತೊಂದರೆ ಆಗಬಾರದೆಂದು ಒಬ್ಬರು ಬಾಯಾರಿಕೆಯನ್ನು ನುಂಗಿಕೊಂಡು ಕೂತಿದ್ದರು. ಅವರ ಕೋಣೆಯ ಗಾಳಿಯನ್ನು ಊದುಬತ್ತಿ ಹಿಡಿದು ಅಳೆದವಳಿಗೆ ಅವರ ಮಗ್ಗುಲಿನಲ್ಲಿ ತುಂಬಿದ ಹಾಗೇ ಉಳಿಯುತ್ತಿದ್ದ ನೀರಿನ ತಂಬಿಗೆ ಕಂಡಿರಲಿಲ್ಲ.

ಅಂದು ನನ್ನ ಗಂಡ ಪಕ್ಕದ ಹಳಿಗೆ ಸರಿಯಲಿಲ್ಲ. ಮಾರನೆಯ ಬೆಳಿಗ್ಗೆಯೇ ಗಾರೆಯವರನ್ನು ಕರೆಸಿ ಹಿತ್ತಲ ಮೆಟ್ಟಿಲನ್ನು ಇಳಿಜಾರು ಮಾಡಿಸಿದರು. ಅತ್ತೆಯ ಬಾಗಿಲಿನಿಂದ ಬಚ್ಚಲಿನವರೆಗೆ ಗೋಡೆಯುದ್ದಕ್ಕೂ ಕಬ್ಬಿಣದ ಪೈಪು ಹಾಕಿಸಿದರು. ಆನೆ ಹಿಡಿದು ಜಗ್ಗಿದರೂ ಬರದಷ್ಟು ಗಟ್ಟಿ. ಅತ್ತೆ ಅದನ್ನು ಹಿಡಿದುಕೊಂಡು ಮೊದಲ ಸಲ ನಡೆದು ಬಂದು, ಮಂಚದ ಮೇಲೆ ಕೂತು, ತಂಬಿಗೆ ಎತ್ತಿ ಗಟಗಟ ಕುಡಿದರು.

ಡ್ರಿಪ್ ಹಾಕಿದ ಸುದ್ದಿ ತರೀಕೆರೆಗೆ ಹೋಗದೆ ಇರುತ್ತದೆಯೇ? ರಾಜು ಗಡುವಿಗೂ ಕಾಯದೆ ಕಾರು ತೆಗೆದುಕೊಂಡು ಒಂದು ಸಂಜೆ ಬಂದ. ಕಾಫಿಯನ್ನೂ ಮುಟ್ಟದೆ, ಅಮ್ಮನ ಬಟ್ಟೆ ಕಟ್ಟಿ ಎಂದ. ನಾನು ನೀರಿನ ವಿಷಯ ಹೇಳಿದೆ, ಪೈಪು ತೋರಿಸಿದೆ. ಅವನ ಸಿಟ್ಟು ಇಳಿಯಲಿಲ್ಲ. ಕೋಳಿಗೆ ಹಾಕುವ ಫ್ಯಾನನ್ನು ತಾಯಿಗೆ ಹಾಕಿದ್ದೀರಿ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದಾರೆ, ತನಗೆ ತಲೆಯೆತ್ತಿ ತಿರುಗಲು ಆಗುತ್ತಿಲ್ಲ ಎಂದ. ಆಡಿಕೊಳ್ಳುವವರು ಬಂದು ಈ ಮಂಚದ ಮೇಲೆ ಒಂದು ಸಂಜೆ ಕೂತು ಹೋಗಲಿ ಎಂದೆ.

“ಅತ್ಗೆ, ಅಮ್ಮಂಗೆ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?” ಎಂದ ರಾಜು.

“ಇಷ್ಟು ವರ್ಷ ಯಾರಿದ್ರೋ ಅವ್ರೇ,” ಎಂದೆ. “ನಾನು.”

ಅವನು ತಾಯಿಯ ಕಡೆ ತಿರುಗಿ, ದನಿ ಇಳಿಸಿ, ನೀನೇ ಹೇಳಮ್ಮ ಎಂದ. ಆ ಗಳಿಗೆಯಲ್ಲಿ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹಟ ನನ್ನದು, ಮೈ ಅವರದು. ಹೋಗುತ್ತೇನೆ ಎಂದರೆ ತಡೆಯುವ ಹಕ್ಕು ನನಗಿರಲಿಲ್ಲ. ಅತ್ತೆ ಮಗನ ಮುಖವನ್ನೊಮ್ಮೆ ನೋಡಿದರು, ಅವನ ಕೈ ಹಿಡಿದು ಸವರಿದರು.

“ನಿನ್ ಮನೆ ಚೆನ್ನಾಗೈತೆ ಕಣೋ. ನೆಂಟಳಾಗಿ ಬತ್ತೀನಿ, ಉಂಡು ಬತ್ತೀನಿ. ಇರೋದು ಮಾತ್ರ ಇಲ್ಲೇ. ಇಲ್ಲಿ ನಂಗೆ ಉಸಿರಾಡಕ್ಕಾಯ್ತದೆ.”

ರಾಜುವಿಗೆ ಒಪ್ಪಿಗೆಯಾಯಿತು ಎಂದು ನಾನು ಹೇಳುವುದಿಲ್ಲ. ಇಂದಿಗೂ ಅವನು ಫೋನು ಮಾಡಿದರೆ ಏಸಿಯ ಮಾತು ತೆಗೆಯುತ್ತಾನೆ. ತೆಗೆಯಲಿ. ಅಂದು ಅವನು ಆರಿದ ಕಾಫಿಯನ್ನೇ ಕುಡಿದು, ಪೈಪನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿ ನೋಡಿ, ಬರಿಗೈಯಲ್ಲಿ ವಾಪಸು ಹೋದ. ಕಾರು ತಿರುವು ದಾಟುವವರೆಗೆ ಅತ್ತೆ ಕಿಟಕಿಯಿಂದ ನೋಡುತ್ತಿದ್ದರು.

ಹೊತ್ತು ಮುಳುಗಿತ್ತು. ನಾನು ಮೇಲಿನ ಕಿಟಕಿಗಳನ್ನು ಹಾಕಿ, ಫ್ಯಾನು ಒತ್ತಿ, ಅವರ ಕೋಣೆಗೆ ಬಂದು ತಂಬಿಗೆಗೆ ನೀರು ತುಂಬಿಸಿದೆ. ಬೆಟ್ಟದ ಕಡೆಯ ಗಾಳಿ ಆಗಲೇ ಒಳಗೆ ಬರತೊಡಗಿತ್ತು. ಯಾವಾಗಿನಂತೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಇನ್ನೇನಾದರೂ ಬೇಕೇ ಎಂದು ಕೇಳಿದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಮಂಚದ ಹಾಸಿಗೆ ಕೊಡವಿದ್ದೇನೆ, ಅದರ ಮೇಲೆ ಕೂತವಳಲ್ಲ. ಅತ್ತೆ ಕಾಲು ಮಡಚಿಕೊಂಡು ಗೋಡೆಯ ಕಡೆಗೆ ಸರಿದರು. ಕಿಟಕಿಯ ಮಗ್ಗುಲಿನ ಜಾಗವನ್ನು ಅಂಗೈಯಿಂದ ತಟ್ಟಿದರು.

“ಅಲ್ಲೇನು ನಿಂತಿದ್ದೀಯ? ಬಾ, ಗಾಳಿಗೆ ಕೂತ್ಕೋ.”

ಕೂತೆ.